ಗಣಕಯಂತ್ರದ ನಿದ್ರೆ ಮತ್ತು ಎಚ್ಚರ: ಸೂಕ್ತ ತಂತ್ರಾಂಶದ ಆಯ್ಕೆ

ಮುಂಬಯಿ ಮಹಾನಗರದ ಪರೇಲ್ ಪ್ರದೇಶವು ಒಂದು ಕಾಲದಲ್ಲಿ ಹತ್ತಿಗಿರಣಿಗಳ ನೆಲೆಯಾಗಿತ್ತು. ಪಾಳಿಯ ಭೋಂಗಾ ಕೂಗಿದೊಡನೆ ಒಂದು ತಂಡ ಹೊರಬರುತ್ತಿತ್ತು, ಇನ್ನೊಂದು ಒಳಸೇರುತ್ತಿತ್ತು. ಮಗ್ಗಗಳು ಮಾತ್ರ ನಿಲ್ಲುತ್ತಿರಲಿಲ್ಲ. 1915ರಲ್ಲಿ ಖೋಪೋಲಿಯ ಜಲವಿದ್ಯುತ್ ಕೇಂದ್ರವು ಕಾರ್ಯಾರಂಭ ಮಾಡಿದ ಮೇಲೆ ಮುಂಬಯಿಯ ಗಿರಣಿಗಳಿಗೆ ಘಟ್ಟದ ನೀರಿನಿಂದ ಪಡೆದ ವಿದ್ಯುಚ್ಛಕ್ತಿ ದೊರೆಯತೊಡಗಿತು. 1982ರ ಜನವರಿ 18ರಂದು ಆರಂಭವಾದ ಗಿರಣಿ ಕಾರ್ಮಿಕರ ಮುಷ್ಕರದ ಅನಂತರ ಈ ಚಿತ್ರವು ಕ್ರಮೇಣ ಅಳಿಸಿಹೋಯಿತು. ಲೋವರ್ ಪರೇಲ್‌ನ ಕಮಲಾ ಮಿಲ್ಸ್, ಫೀನಿಕ್ಸ್ ಮಿಲ್ಸ್ ಮೊದಲಾದ ಆವರಣಗಳಲ್ಲಿ ಇಂದು ಕಚೇರಿಗಳೂ ಮಳಿಗೆಗಳೂ ಇವೆ. ರಾತ್ರಿಪಾಳಿಯು ಈಗಲೂ ಉಂಟು. ಆದರೆ ಅಲ್ಲಿ ದುಡಿಯುವ ಯಂತ್ರವು ಮಗ್ಗವಲ್ಲ, ಗಣಕಯಂತ್ರ. ಅದಕ್ಕೆ ಮಗ್ಗಕ್ಕಿಲ್ಲದ ಒಂದು ಅಭ್ಯಾಸವಿದೆ. ಯಾರೂ ಮುಟ್ಟದೆ ಕೆಲವು ನಿಮಿಷಗಳು ಕಳೆದರೆ ಅದು ನಿದ್ರೆಗೆ ಜಾರುತ್ತದೆ.

ಇದರಿಂದ ಆಗುವ ತೊಂದರೆಯನ್ನು ಅರಿಯಲು ಪರೇಲ್‌ನ ಆಸ್ಪತ್ರೆಗಳತ್ತ ನೋಡಿದರೆ ಸಾಕು. 1926ರಲ್ಲಿ ತೆರೆದ ಕೆ.ಇ.ಎಂ. ಆಸ್ಪತ್ರೆ, 1941ರಲ್ಲಿ ಸ್ಥಾಪನೆಗೊಂಡು 1962ರಿಂದ ಪರಮಾಣು ಶಕ್ತಿ ಇಲಾಖೆಯ ಆಡಳಿತಕ್ಕೆ ಒಳಪಟ್ಟ ಟಾಟಾ ಸ್ಮಾರಕ ಆಸ್ಪತ್ರೆ, ಇವೆರಡಕ್ಕೂ ದೇಶದ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಕರ್ನಾಟಕದ ಜಿಲ್ಲೆಗಳಿಂದ ಬಂದವರೂ ಅವರಲ್ಲಿರುತ್ತಾರೆ. ಪರೇಲ್, ದಾದರ್ ಸುತ್ತಮುತ್ತಲ ಧರ್ಮಶಾಲೆಯಲ್ಲಿ ತಂಗಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ರೋಗಿಯ ಸ್ಕ್ಯಾನ್ ಚಿತ್ರಗಳನ್ನು ಊರಿನ ವೈದ್ಯರಿಗೆ ಅಂತರಜಾಲದ ಮೂಲಕ ಕಳುಹಿಸಬೇಕಾಗಿದೆ. ಒಂದೇ ಸಿ.ಟಿ. ಪರೀಕ್ಷೆಯಲ್ಲಿ ನೂರಾರು ಚಿತ್ರಗಳಿರುವುದುಂಟು. ನಿಧಾನಗತಿಯ ಸಂಪರ್ಕದಲ್ಲಿ ಅವು ಹೋಗಿ ಮುಟ್ಟಲು ಗಂಟೆಗಳೇ ಬೇಕು. ಮಗನು ಕಡತವನ್ನು ಕಳುಹಿಸಲು ಹಚ್ಚಿ, ದಣಿವಿನಿಂದ ಮಲಗುತ್ತಾನೆ. ಅವನಿಗಿಂತ ಮೊದಲು ಯಂತ್ರವೇ ಮಲಗಿರುತ್ತದೆ. ಬೆಳಿಗ್ಗೆ ನೋಡಿದರೆ ಕೆಲಸ ಅರ್ಧದಲ್ಲಿ ನಿಂತಿರುತ್ತದೆ, ವೈದ್ಯರು ನೀಡಿದ್ದ ಸಮಯವೂ ಕಳೆದಿರುತ್ತದೆ.

ಯಂತ್ರದ ನಿದ್ರೆ ಎಂದರೇನು? ಈ ಸ್ಥಿತಿಯಲ್ಲಿ ಪರದೆ, ಡಿಸ್ಕ್ ಮತ್ತು ಸಂಸ್ಕಾರಕಗಳು ವಿಶ್ರಮಿಸುತ್ತವೆ. ತಾತ್ಕಾಲಿಕ ಸ್ಮೃತಿಗೆ ಮಾತ್ರ ಅಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಆದುದರಿಂದಲೇ ಎಚ್ಚರಿಸಿದಾಗ ಎಲ್ಲವೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಹೈಬರ್ನೇಟ್ ಎಂಬುದು ಇನ್ನೂ ಗಾಢವಾದ ನಿದ್ರೆ. ಅದರಲ್ಲಿ ಸ್ಮೃತಿಯಲ್ಲಿದ್ದುದೆಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಯಂತ್ರವು ಪೂರ್ಣವಾಗಿ ಆರಿಹೋಗುತ್ತದೆ. ಪರದೆ ಮಾತ್ರ ಕಪ್ಪಾಗುವುದು ನಿದ್ರೆಯಲ್ಲ. ಆಗ ಒಳಗಿನ ಕೆಲಸ ಯಥಾಪ್ರಕಾರ ನಡೆಯುತ್ತಿರುತ್ತದೆ. ಈ ಭೇದವನ್ನು ತಿಳಿಯದೆ ಅನೇಕರು ಅನವಶ್ಯಕವಾಗಿ ರಾತ್ರಿಯಿಡೀ ಪರದೆಯನ್ನು ಉರಿಸುತ್ತಾರೆ.

ನಿದ್ರೆಯ ವ್ಯವಸ್ಥೆಯನ್ನು ಯಾರೂ ತೊಂದರೆ ಕೊಡಲೆಂದು ಮಾಡಿದ್ದಲ್ಲ. 1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಎನರ್ಜಿ ಸ್ಟಾರ್ ಯೋಜನೆಯನ್ನು ಆರಂಭಿಸಿದಾಗ ಅದರ ಗುರುತನ್ನು ಮೊದಲು ಪಡೆದ ವಸ್ತುಗಳೇ ಗಣಕಯಂತ್ರ ಮತ್ತು ಅದರ ಪರದೆ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಸಂಸ್ಥೆಗಳು ಕೂಡಿ ಹೊರತಂದ ಎ.ಸಿ.ಪಿ.ಐ. ಎಂಬ ಮಾನದಂಡವು ಈ ನಿದ್ರೆಯ ಹಂತಗಳನ್ನು ನಿಗದಿಗೊಳಿಸಿತು. ಯಾವಾಗ ಮಲಗಬೇಕೆಂಬ ನಿರ್ಧಾರವು ಕಾರ್ಯಾಚರಣ ವ್ಯವಸ್ಥೆಯ ಕೈಗೆ ಬಂತು. ಅದು ಮುಖ್ಯವಾಗಿ ಗಮನಿಸುವುದು ಕೀಲಿಮಣೆ ಮತ್ತು ಮೌಸ್‌ಗಳ ಚಲನೆಯನ್ನು. ಕಡತವೊಂದು ಸಾಗುತ್ತಿದೆ ಎಂಬುದು ತಾನಾಗಿಯೇ ಅದರ ಲೆಕ್ಕಕ್ಕೆ ಬರುವುದಿಲ್ಲ; ಕಡತವನ್ನು ಕಳುಹಿಸುತ್ತಿರುವ ತಂತ್ರಾಂಶವು “ಕೆಲಸ ನಡೆದಿದೆ, ಮಲಗಬೇಡ” ಎಂದು ಕೇಳಿಕೊಳ್ಳಬೇಕು. ಚಲನಚಿತ್ರ ತೋರಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಹಾಗೆ ಕೇಳುತ್ತವೆ. ಉಳಿದವುಗಳಲ್ಲಿ ಹಲವು ಕೇಳುವುದಿಲ್ಲ.

ಈ ಕೊರತೆಯನ್ನು ತುಂಬಲು ಹುಟ್ಟಿದ ಸಣ್ಣ ತಂತ್ರಾಂಶಗಳಲ್ಲಿ ಎರಡು ಜಾತಿಗಳಿವೆ. ಮೊದಲನೆಯವು ಮೇಲೆ ಹೇಳಿದ ಕೋರಿಕೆಯನ್ನೇ ವ್ಯವಸ್ಥೆಗೆ ನೇರವಾಗಿ ಸಲ್ಲಿಸುತ್ತವೆ. ಎರಡನೆಯವು ಬಳಕೆದಾರನು ಎದುರಿಗೇ ಕುಳಿತಿದ್ದಾನೆಂಬ ಭ್ರಮೆಯನ್ನು ಹುಟ್ಟಿಸುತ್ತವೆ. ಝೋರ್ನ್ ಸಾಫ್ಟ್‌ವೇರ್‌ನವರ ಕೆಫೀನ್ ಎಂಬ ಹಳೆಯ, ಜನಪ್ರಿಯ ತಂತ್ರಾಂಶವು 59 ಸೆಕೆಂಡುಗಳಿಗೊಮ್ಮೆ ಎಫ್-15 ಎಂಬ ಕೀಲಿಯನ್ನು ಒತ್ತಿದಂತೆ ನಟಿಸುತ್ತದೆ. ಸಾಮಾನ್ಯ ಕೀಲಿಮಣೆಗಳಲ್ಲಿ ಆ ಕೀಲಿಯೇ ಇರುವುದಿಲ್ಲ, ಉಪಾಯವೇನೋ ಚಮತ್ಕಾರದ್ದೇ. ಆದರೆ ಈ ಜಾತಿಯ ಉಪಾಯಗಳಿಂದ ಪರದೆಗೆ ತಾನಾಗಿ ಬೀಳಬೇಕಾದ ಬೀಗವೂ ಬೀಳದೆ ಹೋಗುತ್ತದೆ. ಆದುದರಿಂದ ಸಾಧ್ಯವಿರುವಲ್ಲೆಲ್ಲ ಮೊದಲನೆಯ ಜಾತಿಯನ್ನೇ ಆರಿಸಿಕೊಳ್ಳುವುದು ಲೇಸು.

ವಿಂಡೋಸ್ ಬಳಸುವವರಿಗೆ ಮೈಕ್ರೋಸಾಫ್ಟ್ ಸಂಸ್ಥೆಯೇ ಉಚಿತವಾಗಿ ನೀಡುವ ಪವರ್‌ಟಾಯ್ಸ್ ಎಂಬ ಕಟ್ಟಿನಲ್ಲಿ 2021ರಿಂದ ಅವೇಕ್ ಎಂಬ ಸಾಧನವಿದೆ. ಇದರ ಮುಖ್ಯ ಗುಣವೆಂದರೆ ಕಾಲಮಿತಿ. ಇಷ್ಟು ಗಂಟೆಗಳವರೆಗೆ ಎಚ್ಚರವಾಗಿರು ಎಂದು ಸೂಚಿಸಿದರೆ ಆ ಅವಧಿ ಮುಗಿದೊಡನೆ ಯಂತ್ರವು ಹಳೆಯ ಅಭ್ಯಾಸಕ್ಕೆ ಮರಳುತ್ತದೆ. ಪರದೆಯೂ ಬೆಳಗುತ್ತಿರಬೇಕೇ ಬೇಡವೇ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಬಹುದು. ಮ್ಯಾಕ್ ಯಂತ್ರಗಳಲ್ಲಿ ಬೇರೇನನ್ನೂ ತರುವ ಅಗತ್ಯವಿಲ್ಲ; 2012ರಿಂದ ವ್ಯವಸ್ಥೆಯಲ್ಲೇ ಕೆಫಿನೇಟ್ ಎಂಬ ಆದೇಶವಿದೆ. ಮಾಡಬೇಕಾದ ಕೆಲಸದ ಆದೇಶವನ್ನು ಅದರ ಮುಂದೆ ಸೇರಿಸಿದರೆ ಆ ಕೆಲಸ ಮುಗಿಯುವವರೆಗೆ ಮಾತ್ರ ಯಂತ್ರವು ಎಚ್ಚರವಿರುತ್ತದೆ. ಆದೇಶ ಟೈಪು ಮಾಡಲು ಹಿಂಜರಿಯುವವರಿಗೆ ಆಂಫೆಟಮೈನ್, ಕೀಪಿಂಗ್ ಯು ಅವೇಕ್ ಎಂಬ ತಂತ್ರಾಂಶಗಳುಂಟು. ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ-ಇನ್‌ಹಿಬಿಟ್ ಎಂಬ ಆದೇಶವು ಇದೇ ಕೆಲಸವನ್ನು ಮಾಡುತ್ತದೆ.

ನಿದ್ರೆಯ ಅವಧಿಯನ್ನು ವ್ಯವಸ್ಥೆಯ ಸೆಟ್ಟಿಂಗ್ಸ್‌ನಲ್ಲಿ ‘ಎಂದಿಗೂ ಬೇಡ’ ಎಂದು ಬದಲಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲುತ್ತದೆ. ಆದರೆ ಒಂದು ರಾತ್ರಿಗೆಂದು ಬದಲಿಸಿದ ಆ ಏರ್ಪಾಡನ್ನು ಮರುದಿನ ಹಿಂದಕ್ಕೆ ತರುವವರು ವಿರಳ. ತಿಂಗಳುಗಟ್ಟಲೆ ಯಂತ್ರವು ನಿಷ್ಕಾರಣವಾಗಿ ಉರಿಯುತ್ತಿರುತ್ತದೆ. ಲೆಕ್ಕ ಸುಲಭ: 60 ವಾಟ್ ಬಳಸುವ ಯಂತ್ರವೊಂದು ರಾತ್ರಿ 10 ಗಂಟೆ ಎಚ್ಚರವಿದ್ದರೆ 600 ವಾಟ್-ಗಂಟೆ, ಅಂದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, 30 ರಾತ್ರಿಗಳಿಗೆ 18 ಯೂನಿಟ್. ಒಂದು ಮನೆಗೆ ಇದು ದೊಡ್ಡ ಮೊತ್ತವಲ್ಲದಿರಬಹುದು. ಐವತ್ತು ಯಂತ್ರಗಳಿರುವ ಕಚೇರಿಗೆ ಅದೇ 900 ಯೂನಿಟ್.

ಇನ್ನು ಈ ಸಾಧನಗಳಿಂದ ಆಗದ ಕೆಲಸಗಳಿವೆ, ಮತ್ತು ಜನರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಲ್ಯಾಪ್‌ಟಾಪ್‌ನ ಮುಚ್ಚಳವನ್ನು ಮುಚ್ಚಿದರೆ ಸಾಮಾನ್ಯವಾಗಿ ಅವೇಕ್ ಇದ್ದರೂ ಯಂತ್ರವು ಮಲಗುತ್ತದೆ; ಮುಚ್ಚಳದ ಏರ್ಪಾಡೇ ಬೇರೆ. ವಿಂಡೋಸ್ ತನ್ನ ಪರಿಷ್ಕರಣೆಗಳನ್ನು ಅಳವಡಿಸಿಕೊಂಡು ನಡುರಾತ್ರಿಯಲ್ಲಿ ಮರುಪ್ರಾರಂಭವಾಗಲು ಹೊರಟರೆ ಎಚ್ಚರ ತಂತ್ರಾಂಶವು ಅದನ್ನು ತಡೆಯದು. ಆದಕಾರಣ ಮಹತ್ವದ ಕೆಲಸವಿರುವ ದಿನ ಪರಿಷ್ಕರಣೆಯನ್ನು ಮೊದಲೇ ಮುಗಿಸುವುದು ಅಥವಾ ಕೆಲವು ದಿನ ಮುಂದೂಡುವುದು ಅವಶ್ಯಕ. ಬ್ಯಾಟರಿಯನ್ನು ನಂಬದೆ ವಿದ್ಯುತ್ ಸಂಪರ್ಕ ಕೊಟ್ಟಿರಬೇಕು. ಹಾಸಿಗೆ, ದಿಂಬುಗಳ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರವು ಕಾಯುತ್ತದೆ. ಮಳೆಗಾಲದಲ್ಲಿ ಹಿಂದ್‌ಮಾತಾ ಸುತ್ತಲ ರಸ್ತೆಗಳಲ್ಲಿ ನೀರು ನಿಲ್ಲುವುದನ್ನು ಕಂಡ ಪರೇಲ್ ನಿವಾಸಿಗಳಿಗೆ, ನೆಲಮಾಳಿಗೆಯ ಮನೆಯಲ್ಲಿ ಯಂತ್ರವನ್ನೂ ವಯರುಗಳ ಹಲಗೆಯನ್ನೂ ನೆಲದ ಮೇಲಿಡಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಎಚ್ಚರವಾಗಿರುವ ಯಂತ್ರವು ತೆರೆದ ಬಾಗಿಲಾಗಬಾರದು. ರೋಗಿಯ ವಿವರಗಳು, ಬ್ಯಾಂಕ್ ಲೆಕ್ಕಗಳು ಪರದೆಯ ಮೇಲಿರುವಾಗ ಎದ್ದುಹೋದರೆ ದಾರಿಹೋಕರೂ ಅವನ್ನು ಓದಬಹುದು. ವಿಂಡೋಸ್ ಚಿಹ್ನೆಯ ಕೀಲಿಯೊಂದಿಗೆ ಎಲ್ ಅಕ್ಷರವನ್ನು ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ. ಒಳಗೆ ಕಡತವು ಸಾಗುವುದು ನಿಲ್ಲುವುದಿಲ್ಲ. ಈ ಒಂದು ಅಭ್ಯಾಸವಿದ್ದರೆ ಎಚ್ಚರ ಮತ್ತು ಗೋಪ್ಯತೆ ಎರಡೂ ಒಟ್ಟಿಗೆ ನಡೆಯುತ್ತವೆ.

ಕಚೇರಿಯ ಯಂತ್ರಗಳ ವಿಷಯವು ಸ್ವಲ್ಪ ಭಿನ್ನ. ಅವು ನೌಕರನ ಸ್ವತ್ತಲ್ಲ. ಬೀಗದ ನಿಯಮವನ್ನು ಸಂಸ್ಥೆಯು ವಿಚಾರಮಾಡಿಯೇ ಹಾಕಿರುತ್ತದೆ. ಮೌಸನ್ನು ತಾನಾಗಿ ಅಲುಗಾಡಿಸುವ ಸಣ್ಣ ಉಪಕರಣಗಳು ಅಗ್ಗದ ಬೆಲೆಗೆ ದೊರೆಯುತ್ತವೆ. ಕೆಲಸ ಮಾಡದೆ ಮಾಡುತ್ತಿರುವಂತೆ ತೋರಿಸಿಕೊಳ್ಳಲೂ ಅವು ಬಳಕೆಯಾಗಿವೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಕೀಲಿಮಣೆಯ ಚಟುವಟಿಕೆಯನ್ನು ಕೃತಕವಾಗಿ ಸೃಷ್ಟಿಸಿದ ಆರೋಪದ ಮೇಲೆ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದುಹಾಕಿತು. ರಾತ್ರಿಯಿಡೀ ನಡೆಯಬೇಕಾದ ಪ್ರಾಮಾಣಿಕ ಕೆಲಸವಿದ್ದವನು ಕದ್ದುಮುಚ್ಚಿ ಇಂಥದನ್ನು ಜೋಡಿಸುವುದಕ್ಕಿಂತ ಗಣಕ ವಿಭಾಗಕ್ಕೆ ಒಂದು ಸಾಲಿನ ಮನವಿ ಬರೆದು ಅನುಮತಿ ಪಡೆಯುವುದು ಕ್ಷೇಮ.

ತಂತ್ರಾಂಶವನ್ನು ಅದರ ತಯಾರಕರ ತಾಣದಿಂದ ಅಥವಾ ಅಧಿಕೃತ ಅಂಗಡಿಯಿಂದಲೇ ಪಡೆಯಬೇಕು. ಇಷ್ಟು ಚಿಕ್ಕ ಕೆಲಸಕ್ಕೆ ಹೆಸರು, ದೂರವಾಣಿ ಸಂಖ್ಯೆ, ಸಂಪರ್ಕಗಳ ಪಟ್ಟಿ ಇತ್ಯಾದಿಗಳನ್ನು ಕೇಳುವ ತಂತ್ರಾಂಶವಿದ್ದರೆ ಅದನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ದೊಡ್ಡ ಕೆಲಸಕ್ಕೆ ಮುನ್ನ ಒಂದು ಸಣ್ಣ ಪರೀಕ್ಷೆ ನಡೆಸಬಹುದು. ಸಂಜೆಯೇ ಸಾಧನವನ್ನು ಚಾಲನೆಗೊಳಿಸಿ, ನಿದ್ರೆಯ ಅವಧಿಗಿಂತ ಹತ್ತು ನಿಮಿಷ ಹೆಚ್ಚು ಕಾಲ ಯಂತ್ರವನ್ನು ಮುಟ್ಟದೆ ಬಿಟ್ಟು ನೋಡಬೇಕು. ವಿಂಡೋಸ್‌ನಲ್ಲಿ ನಿರ್ವಾಹಕನ ಅಧಿಕಾರದಿಂದ ಪವರ್‌ಸಿಎಫ್‌ಜಿ ಆದೇಶಕ್ಕೆ ರಿಕ್ವೆಸ್ಟ್ಸ್ ಎಂಬ ಪದವನ್ನು ಸೇರಿಸಿ ಕೇಳಿದರೆ, ಆ ಕ್ಷಣದಲ್ಲಿ ಯಾವ ತಂತ್ರಾಂಶಗಳು ಯಂತ್ರವನ್ನು ಎಚ್ಚರವಿರಿಸಿವೆ ಎಂಬ ಪಟ್ಟಿ ದೊರೆಯುತ್ತದೆ. ಬೆಳಿಗ್ಗೆ ಕಡತವು ತಲುಪಿತೆಂದು ಊರಿನ ವೈದ್ಯರಿಂದ ಉತ್ತರ ಬಂದ ಮೇಲೆ ಅದೇ ಆದೇಶವನ್ನು ಇನ್ನೊಮ್ಮೆ ಕೊಟ್ಟು, ಪಟ್ಟಿಯಲ್ಲಿ ಆ ಸಾಧನದ ಹೆಸರು ಉಳಿದಿಲ್ಲವೆಂದು ಖಚಿತಪಡಿಸಿಕೊಂಡರಾಯಿತು.