ಕಾಟಿಯ ಕಿವಿಯ ಬುಡ

ವನ್ಯಜೀವಿ ಸಪ್ತಾಹದ ಈ ಛಾಯಾಚಿತ್ರ ಪ್ರದರ್ಶನದ ಉದ್ಘಾಟನೆಗೆ ಪಶುವೈದ್ಯನನ್ನು ಕರೆದಿದ್ದೀರಿ. ಬೆಳಕು ನೆರಳಿನ ಮಾತನ್ನು ಬಲ್ಲವರಿಗೆ ಬಿಟ್ಟುಬಿಡುತ್ತೇನೆ. ಬಾಗಿಲ ಬಳಿಯ ದೊಡ್ಡ ಕಾಟಿಯ ಚಿತ್ರದಲ್ಲಿ ಎಲ್ಲರ ಕಣ್ಣೂ ಕೊಂಬಿನ ಮೇಲೆ ಹೋಗುತ್ತದೆ. ದಯವಿಟ್ಟು ಕಿವಿಯ ಬುಡವನ್ನೂ ನೋಡಿ. ಕೂದಲು ತೆಳುವಾದ ಆ ಮಡಿಕೆಯಲ್ಲಿ ರಕ್ತ ಕುಡಿದು ಹರಳುಬೀಜದಷ್ಟು ಉಬ್ಬಿದ ಉಣುಗುಗಳು ಕಚ್ಚಿಕೊಂಡಿವೆ. ಇವತ್ತಿನ ನನ್ನ ಮಾತೆಲ್ಲ ಅವುಗಳದ್ದೇ.

1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಮಂಗನ ಕಾಯಿಲೆ ಬೆಳಕಿಗೆ ಬಂದದ್ದು ಹಾಗೆ. ಅದು ಉಣುಗು ಹರಡುವ ವೈರಸ್ಸಿನ ಕೆಲಸ, ಸಾವೇ ಅಲ್ಲಿ ಸುಳಿವು ಕೊಟ್ಟಿತು. ಉಣುಗು ಹರಡುವ ಬ್ಯಾಕ್ಟೀರಿಯಾಗಳು ದೊಡ್ಡ ಕಾಡುಪ್ರಾಣಿಯಲ್ಲಿ ಅಂಥ ಸುಳಿವು ಕೊಡುವುದು ಅಪರೂಪ. ಆಫ್ರಿಕಾದ ಹಾರ್ಟ್‌ವಾಟರ್ ರೋಗವನ್ನೇ ನೋಡಿ. ಎರ್ಲಿಕಿಯಾ ರುಮಿನಾಂಟಿಯಮ್ ಎಂಬ ಬ್ಯಾಕ್ಟೀರಿಯಾದಿಂದ ದನ, ಕುರಿ, ಆಡುಗಳ ಹೃದಯದ ಸುತ್ತಲ ಚೀಲದಲ್ಲಿ ನೀರು ತುಂಬಿ ಅವು ಸಾಯುತ್ತವೆ. ಅದೇ ಬಯಲಿನ ಕಾಡೆಮ್ಮೆ ಆ ಬ್ಯಾಕ್ಟೀರಿಯಾವನ್ನು ರಕ್ತದಲ್ಲಿ ಹೊತ್ತುಕೊಂಡೇ ಆರಾಮವಾಗಿ ಮೇಯುತ್ತಿರುತ್ತದೆ. ಮೈಕೈ ತುಂಬಿಕೊಂಡಿರುವ ಪ್ರಾಣಿಯಲ್ಲಿ ಸೋಂಕು ಹುಡುಕುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ.

ನಮ್ಮಲ್ಲಿರುವ ಒಂದೊಂದು ಪರೀಕ್ಷೆಯೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ನಮ್ಮ ಹಸುಗಳನ್ನು ಕಾಡುವ ಅನಾಪ್ಲಾಸ್ಮಾ ಮಾರ್ಜಿನೇಲ್ ಎಂಬ ಬ್ಯಾಕ್ಟೀರಿಯಾವನ್ನು 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರ್ನಲ್ಡ್ ಥೀಲರ್ ಗುರುತಿಸಿದ್ದು ಸೂಕ್ಷ್ಮದರ್ಶಕದಲ್ಲಿ. ಗೀಮ್ಸಾ ಬಣ್ಣ ಹಾಕಿದ ರಕ್ತದ ಸ್ಲೈಡಿನಲ್ಲಿ ಕೆಂಪು ರಕ್ತಕಣದ ಅಂಚಿಗೆ ಒಂದು ಕಡು ನೇರಳೆ ಚುಕ್ಕೆ ಕಾಣಿಸುತ್ತದೆ. ಬಣ್ಣದ ಕಸವೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಜ್ವರ ಏರಿದ ಹಸುವಿನಲ್ಲಿ ಚುಕ್ಕೆಗಳು ಧಾರಾಳವಾಗಿ ಸಿಗುತ್ತವೆ. ಚೇತರಿಸಿಕೊಂಡರೂ ಸೋಂಕು ಉಳಿಸಿಕೊಂಡ ಪ್ರಾಣಿಯಲ್ಲಿ ಸಾವಿರ ಕಣ ಹುಡುಕಿದರೂ ಒಂದು ಸಿಗದಿರಬಹುದು. ಮೇಲಾಗಿ ರಕ್ತದಲ್ಲಿ ಅದರ ಪ್ರಮಾಣ ಸುಮಾರು 5 ವಾರಕ್ಕೊಮ್ಮೆ ಏರಿ ಇಳಿಯುತ್ತದೆ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಇದಕ್ಕಿಂತ ಎಷ್ಟೋ ಚುರುಕು, ಆದರೂ ಪ್ರಮಾಣ ತೀರ ಇಳಿದ ದಿನ ರಕ್ತ ತೆಗೆದರೆ ಅದೂ ಕೈಕೊಡಬಹುದು. ಪ್ರತಿಕಾಯದ ಪರೀಕ್ಷೆಯ ತೊಂದರೆ ಇನ್ನೊಂದು ಬಗೆಯದು. ಹಾರ್ಟ್‌ವಾಟರ್ ಇಲ್ಲದ ಪ್ರದೇಶದ ದನಗಳಲ್ಲೂ ಅದು ಪಾಸಿಟಿವ್ ತೋರಿಸಿದ್ದುಂಟು, ಏಕೆಂದರೆ ಹತ್ತಿರದ ಬೇರೆ ಎರ್ಲಿಕಿಯಾಗಳಿಗೂ ದೇಹ ಅಂಥದೇ ಪ್ರತಿಕಾಯ ತಯಾರಿಸುತ್ತದೆ. ಪ್ರಾಣಿಯ ಮೈಮೇಲಿನ ಉಣುಗನ್ನೇ ಪರೀಕ್ಷಿಸಿದರೆ ಸಾಲದೇ ಎನ್ನಬಹುದು. ಆದರೆ ಉಣುಗು ತನ್ನಲ್ಲಿರುವ ಬ್ಯಾಕ್ಟೀರಿಯಾವನ್ನು ಮರಿಯಾಗಿದ್ದಾಗ ಯಾವುದೋ ಇಲಿಯಿಂದ ಪಡೆದಿರಬಹುದು. ಅಮೆರಿಕದ ಬಿಳಿಬಾಲದ ಜಿಂಕೆ ಲೈಮ್ ರೋಗದ ಉಣುಗುಗಳನ್ನು ಹೇರಳವಾಗಿ ಸಾಕುತ್ತದೆ, ಆದರೆ ಅವುಗಳಿಗೆ ಲೈಮ್ ಬ್ಯಾಕ್ಟೀರಿಯಾ ದಾಟಿಸುವುದಿಲ್ಲ. ಉಣುಗಿನಲ್ಲಿ ಸಿಕ್ಕಿದ್ದನ್ನು ಜಿಂಕೆಯ ತಲೆಗೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ಒಂದೇ ಪ್ರಾಣಿಯ ರಕ್ತ, ಗುಲ್ಮದ ಚೂರು, ಮೈಮೇಲಿನ ಉಣುಗು ಒಟ್ಟಿಗೆ ಸಿಕ್ಕಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನನ್ನ ಹಟವೂ ಇದೇ: ಬೇರೆ ಕಾರಣಕ್ಕೆ ಅರಿವಳಿಕೆ ಕೊಟ್ಟ ಪ್ರತಿ ಕಾಡುಪ್ರಾಣಿಯಿಂದ ರಕ್ತವನ್ನೂ ಉಣುಗನ್ನೂ ತೆಗೆದಿಡಬೇಕು, ಮರಣೋತ್ತರ ಪರೀಕ್ಷೆಯಾದರೆ ಗುಲ್ಮವನ್ನೂ ಸೇರಿಸಬೇಕು. ಸೋಂಕು ಹುಡುಕಲೆಂದೇ ಆನೆಗೆ ಅರಿವಳಿಕೆ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ, ಆ ಅಪಾಯಕ್ಕೆ ನನ್ನ ಒಪ್ಪಿಗೆಯಿಲ್ಲ. ರೇಡಿಯೊ ಕಾಲರ್ ತೊಡಿಸಲು, ಹಿಡಿದು ಸಾಗಿಸಲು ಹೇಗೂ ಮಲಗಿಸಿರುತ್ತೇವಲ್ಲ, ಆ ಹೊತ್ತಿನ ಮಾತು.

ಪ್ರಾಣಿಗೆ ತೊಂದರೆ ಕೊಡದ ಸೋಂಕನ್ನು ಕೆದಕುವುದೇಕೆ ಎಂದು ಕೇಳುವವರಿದ್ದಾರೆ. ತನ್ನ ನೆಲದಲ್ಲಿ ತೊಂದರೆ ಕೊಡದ ಸೋಂಕು, ಪ್ರಾಣಿಯನ್ನು ಬೇರೆಡೆಗೆ ಒಯ್ದಾಗಲೂ ಬೇರೆಡೆಯಿಂದ ತಂದಾಗಲೂ ಸುಮ್ಮನಿರುತ್ತದೆ ಎಂಬ ಭರವಸೆಯಿಲ್ಲ. ರೋಗ ಹರಡುವ ಉಣುಗು ಇಲ್ಲದ ಬಯಲಿನಿಂದ ತಂದ ಸ್ಪ್ರಿಂಗ್‌ಬಾಕ್ ಜಿಂಕೆಗಳು ಹಾರ್ಟ್‌ವಾಟರ್ ಸೀಮೆಯಲ್ಲಿ ಸಾಯುವುದು ಆಫ್ರಿಕಾದ ಪಶುವೈದ್ಯರಿಗೆ ಹಳೆಯ ಪಾಠ. ನಾವೂ ಆನೆಗಳನ್ನು ಹಿಡಿದು ಸಾಗಿಸುವವರೇ. ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಊರ ದನ, ಕಾಟಿ ಎರಡೂ ಮೇಯುತ್ತವೆ. ಉಣುಗಿಗೆ ಅರಣ್ಯದ ಗಡಿಕಲ್ಲು ಗೊತ್ತಿಲ್ಲ. ಸೋಂಕು ಅತ್ತಿಂದ ಇತ್ತ ಬಂತೋ ಇತ್ತಿಂದ ಅತ್ತ ಹೋಯಿತೋ ಎಂದು ಹೇಳಬೇಕಾದರೆ ಎರಡೂ ಕಡೆಯ ಮಾದರಿ ಕೈಯಲ್ಲಿರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಕಾಡುಪ್ರಾಣಿಯಲ್ಲಿ ಸೋಂಕು ಸಿಕ್ಕಿತೆಂದರೆ ಅದನ್ನು ಕೊಲ್ಲಿ ಎಂಬ ಕೂಗು ಏಳುತ್ತದೆ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ತ್ಸೆತ್ಸೆ ನೊಣ ಹರಡುವ ರೋಗದ ಹೆಸರಿನಲ್ಲಿ ಹಿಂದಿನ ದಕ್ಷಿಣ ರೊಡೇಶಿಯಾದಲ್ಲಿ ಲಕ್ಷಗಟ್ಟಲೆ ಕಾಡುಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ಆದರೆ ಅಂಕಿಅಂಶ ಇಲ್ಲದಿದ್ದರೆ ಕೂಗು ಏಳುವುದಿಲ್ಲವೇ? ಗುಮಾನಿಯಷ್ಟೇ ಸಾಕಾಗುತ್ತದೆ. ಪಿಸಿಆರ್ ಪಾಸಿಟಿವ್ ಎಂದರೆ ಬ್ಯಾಕ್ಟೀರಿಯಾದ ಡಿಎನ್‌ಎ ಅಲ್ಲಿತ್ತು ಎಂದಷ್ಟೇ ಅರ್ಥ, ರೋಗವಿದೆ ಎಂದಾಗಲಿ ಆ ಪ್ರಾಣಿಯೇ ಹರಡುತ್ತಿದೆ ಎಂದಾಗಲಿ ಅರ್ಥವಲ್ಲ. ಹಾಗೆಂದು ಸಾರ್ವಜನಿಕರ ಮುಂದೆ ಧೈರ್ಯವಾಗಿ ಹೇಳಲು ನಮ್ಮ ಹತ್ತಿರ ಮಾದರಿಗಳಿರಬೇಕು.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬು, ಗುಲ್ಮ ಮತ್ತು ಉಣುಗಿಗೆ ಮದ್ಯಸಾರದ ಬಾಟಲಿ, ರಕ್ತದ ಹನಿ ಇಟ್ಟು ಒಣಗಿಸಲು ಸೋಸುಕಾಗದ. ಒಣಗಿದ ಹನಿಗೆ ಫ್ರಿಜ್ಜೂ ಬೇಡ. ಇಷ್ಟಾದರೂ ಕಾಟಿ, ಆನೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾರೂ ಒಂದು ಹನಿ ರಕ್ತ ಒಯ್ಯುವಂತಿಲ್ಲ, ಅದು ಸರಿಯೂ ಹೌದು. ಬಿಸಿಲಿಗೆ ಬಿದ್ದ ಕಳೇಬರ ಮಾತ್ರ ಅನುಮತಿ ಪತ್ರಕ್ಕೆ ಕಾಯುವುದಿಲ್ಲ. ಗುಲ್ಮ ಕೆಲವೇ ಗಂಟೆಗಳಲ್ಲಿ ಕರಗತೊಡಗುತ್ತದೆ. ಆದ್ದರಿಂದ ಇಲ್ಲಿರುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮಾದರಿ ಸಂಗ್ರಹಕ್ಕೆ ಮುಂಚಿತವಾಗಿಯೇ ಸ್ಥಾಯೀ ಅನುಮತಿ ಕೊಡಿ, ಮರಣೋತ್ತರ ಪರೀಕ್ಷೆಯ ನಮೂನೆಯಲ್ಲಿ ರಕ್ತ, ಗುಲ್ಮ, ಉಣುಗು ಎಂದು ಮೂರು ಸಾಲು ಸೇರಿಸಿ.