ಧೂಳು ಹೀರುವ ಯಂತ್ರ: ಕೊಳ್ಳುವ ಮುನ್ನ, ಕೊಂಡ ಮೇಲೆ

(ಮೂಡಲಗಿ ಭಾಗದ ರೈತ ಕುಟುಂಬಗಳ ಮುಂದೆ ಗ್ರಾಮಸೇವಕರು ಮಾಡಿದ ಭಾಷಣ)



ಸುಗ್ಗಿ ಮುಗಿಯಿತೆಂದರೆ ನಮ್ಮ ಮನೆಗೆ ಎರಡು ಬರುತ್ತವೆ: ಕಾಳು ಮತ್ತು ಧೂಳು. ಕಾಳಿನ ಲೆಕ್ಕವನ್ನು ಗಂಡಸರು ಇಡುತ್ತಾರೆ. ಧೂಳು ಹೆಣ್ಣುಮಕ್ಕಳ ಪಾಲಿಗೆ ಉಳಿಯುತ್ತದೆ. ಕಸಬರಿಗೆಯಿಂದ ಗುಡಿಸಿದರೆ ದಪ್ಪ ಕಸ ಹೊರಗೆ ಹೋಗುತ್ತದೆ, ಸಣ್ಣ ಧೂಳು ಮೇಲೆದ್ದು ಗುಡಿಸುವವರ ಎದೆ ಸೇರುತ್ತದೆ. ದಮ್ಮು ಇದ್ದವರಿಗೆ ಇದು ಸಣ್ಣ ಮಾತಲ್ಲ.

1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಬೂತ್ ಎಂಬ ಇಂಜಿನಿಯರರು, ಧೂಳನ್ನು ಊದುವುದಕ್ಕಿಂತ ಹೀರುವುದೇ ಮೇಲೆಂದು ಯಂತ್ರ ಕಟ್ಟಿದರು. ಅಂದು ಅದನ್ನು ಕುದುರೆಗಾಡಿಯ ಮೇಲೆ ತರಬೇಕಿತ್ತು. ಇಂದು ಕೈಯಲ್ಲಿ ಹಿಡಿದು ಒಯ್ಯಬಹುದು. ಇದೇ ವ್ಯಾಕ್ಯೂಮ್ ಕ್ಲೀನರ್.

ಎಲ್ಲರಿಗೂ ಇದು ಬೇಕೇ? ಇಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಕಸಬರಿಗೆಯೇ ಸರಿ. ಯಂತ್ರವು ನೆಲದ ಮಣ್ಣನ್ನೇ ಎಳೆದು ಬೇಗ ಕಟ್ಟಿಕೊಳ್ಳುತ್ತದೆ. ಪರಸಿ ಅಥವಾ ಟೈಲ್ಸ್ ನೆಲ, ಗಾದಿ, ಕೌದಿ, ಕಾಳಿನ ಕೋಣೆ ಇದ್ದವರಿಗೆ ಉಪಯೋಗವುಂಟು.

ಕೊಳ್ಳುವಾಗ ನಾಲ್ಕು ಮಾತು ಲಕ್ಷ್ಯದಲ್ಲಿರಲಿ. ಮೊದಲನೆಯದು, ಫಿಲ್ಟರ್ ನೋಡಿರಿ. ಅದು ಒಳ್ಳೆಯದಿಲ್ಲದಿದ್ದರೆ ಹೀರಿದ ಸಣ್ಣ ಧೂಳು ಹಿಂದಿನಿಂದ ಮತ್ತೆ ಮನೆಗೇ ಬರುತ್ತದೆ. ಎರಡನೆಯದು, ವ್ಯಾಟ್ ಹೆಚ್ಚೆಂದು ಮರುಳಾಗಬೇಡಿರಿ. ವ್ಯಾಟ್ ತಿನ್ನುವ ವಿದ್ಯುತ್ತಿನ ಅಳತೆ, ಹೀರುವ ಶಕ್ತಿಯದಲ್ಲ. 1,200 ವ್ಯಾಟಿನ ಯಂತ್ರ ಅರ್ಧ ತಾಸು ನಡೆದರೆ 0.6 ಯುನಿಟ್ ಖರ್ಚು. ದೊಡ್ಡ ಯಂತ್ರಕ್ಕೆ 16 ಆಂಪಿಯರಿನ ಪ್ಲಗ್ಗೂ ಅರ್ಥಿಂಗೂ ಬೇಕು. ಮೂರನೆಯದು, ಚೀಲ, ಫಿಲ್ಟರ್ ಗೋಕಾಕದಲ್ಲೋ ಬೆಳಗಾವಿಯಲ್ಲೋ ಸಿಗುವವೇ ಎಂದು ಮೊದಲೇ ಕೇಳಿರಿ. ನಾಲ್ಕನೆಯದು, ಉಪಯೋಗಿಸುವ ಹೆಣ್ಣುಮಗಳನ್ನು ಅಂಗಡಿಗೆ ಕರೆದೊಯ್ದು ಅವಳ ಕೈಯಿಂದಲೇ ಎತ್ತಿಸಿ, ನಡೆಸಿ ನೋಡಿರಿ.

ರೈತನಿಗೆ ಇದರಿಂದ ಇನ್ನೊಂದು ಲಾಭವಿದೆ. ನುಸಿಯು ಕಾಳಿನ ಒಳಗೇ ಮೊಟ್ಟೆ ಇಡುತ್ತದೆ. ಕೋಣೆಯ ಸಂದಿಯಲ್ಲುಳಿದ ಹಳೆಯ ಜೋಳದಿಂದ ಅದು ಹೊಸ ರಾಶಿಗೆ ಹಬ್ಬುತ್ತದೆ. ಹೊಸ ಕಾಳು ತುಂಬುವ ಮುಂಚೆ ಮೂಲೆ, ಸಂದಿ, ಹಲಗೆಯ ಬಿರುಕುಗಳನ್ನು ಯಂತ್ರದಿಂದ ಹೀರಿರಿ. ಕೂಡಲೇ ಆ ಕಸವನ್ನು ಮನೆಯಿಂದ ದೂರ ಹುಗಿಯಿರಿ. ಬಿಟ್ಟರೆ ಹುಳ ಚೀಲದಿಂದ ಹೊರಬರುತ್ತವೆ.

ನಾನು ಕಂಡ ಒಂದು ಮನೆಯಲ್ಲಿ ಯಂತ್ರವು ಆರು ತಿಂಗಳಿಗೇ ಅಟ್ಟ ಸೇರಿತ್ತು. “ಧೂಳು ಜಗ್ಗೂದಿಲ್ರೀ, ಕೆಟ್ಟೈತಿ” ಎಂದರು ಆ ಮನೆಯ ತಾಯಿ. ಬಿಚ್ಚಿ ನೋಡಿದರೆ ಚೀಲ ತುಂಬಿ ಫಿಲ್ಟರ್ ಕಟ್ಟಿಕೊಂಡಿತ್ತು. ಅಂಗಳದಲ್ಲಿ ಜಾಡಿಸಿ ಹಾಕಿದೊಡನೆ ನಡೆಯಿತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಜಾಡಿಸಿದ್ದಕ್ಕೆ ನಾನು ಸಂಜೆಯವರೆಗೆ ಸೀನಿದೆ, ನೀವು ಕಟ್ಟಿಕೊಳ್ಳಿರಿ.

ಆದ್ದರಿಂದ ಚೀಲ ಪೂರ್ತಿ ತುಂಬುವ ಮೊದಲೇ ಬರಿದು ಮಾಡಿರಿ. ತೊಳೆಯುವ ಫಿಲ್ಟರ್ ಇದ್ದರೆ ತೊಳೆದು, ಒಂದು ದಿನ ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಹಾಕಿರಿ. ಕೊಳವೆಯಲ್ಲಿ ದಾರ, ಕೂದಲು ಸಿಕ್ಕಿವೆಯೇ ನೋಡಿರಿ. ಇದೆಲ್ಲಕ್ಕೂ ಮೊದಲು ಪ್ಲಗ್ ಕಿತ್ತಿರಬೇಕು.

ಮೂರನ್ನು ಎಂದೂ ಹೀರಿಸಬಾರದು: ಒಲೆಯ ಬಿಸಿ ಬೂದಿ, ಏಕೆಂದರೆ ಒಂದು ಕಿಡಿ ಸಾಕು ಚೀಲ ಹೊತ್ತಲು, ಒಣ ಕಸದ ಯಂತ್ರದಲ್ಲಿ ನೀರು, ಚೆಲ್ಲಿದ ಕೀಟನಾಶಕದ ಪುಡಿ, ಏಕೆಂದರೆ ವಿಷ ಮನೆಯ ಗಾಳಿಗೆ ಸೇರುತ್ತದೆ.

ಎತ್ತಿಗೆ ಮೇವು ಹಾಕದೆ ಉಳುಮೆ ಕೇಳುವವರು ನಾವಲ್ಲ. ಯಂತ್ರಕ್ಕೂ ವಾರಕ್ಕೆ ಹತ್ತು ನಿಮಿಷ ಕೊಡಿರಿ. ಅಷ್ಟು ಕೊಡಲಾಗದಿದ್ದರೆ ಕೊಳ್ಳಬೇಡಿರಿ. ಆ ಹಣ ಬೀಜಕ್ಕಾದರೂ ಆದೀತು.