ವಲಸೆಯ ನುಡಿ

1881ರಲ್ಲಿ ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾಯಿತು. ಅದರ ಬೆನ್ನಿಗೇ ಅಲ್ಲಿಯ ಯಹೂದ್ಯರ ಮೇಲೆ ಹಲ್ಲೆಗಳು ಹಬ್ಬಿದವು. ಅಂದಿನಿಂದ, 1924ರ ಕಾನೂನು ಅಮೆರಿಕದ ಬಾಗಿಲನ್ನು ಕಿರಿದುಗೊಳಿಸುವವರೆಗೆ, ಪೂರ್ವ ಯುರೋಪಿನ 20 ಲಕ್ಷಕ್ಕೂ ಮಿಕ್ಕ ಯಹೂದ್ಯರು ಆ ದೇಶವನ್ನು ಸೇರಿದರು. ಅವರಲ್ಲಿ ಬಹುಮಂದಿಗೆ ಮೊದಲ ನೆಲೆಯಾದದ್ದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನ ಇಕ್ಕಟ್ಟಾದ ವಠಾರಗಳು. ಜೀವನಕ್ಕೆ ಹೊಲಿಗೆಯ ಕೆಲಸ, ಮಾತಿಗೆ ಯಿಡ್ಡಿಷ್. 1911ರಲ್ಲಿ ಟ್ರಯಾಂಗಲ್ ಉಡುಪು ಕಾರ್ಖಾನೆಯ ಬೆಂಕಿಗೆ ಬಲಿಯಾದ 146 ಮಂದಿಯಲ್ಲಿ ಹೆಚ್ಚಿನವರು ಯಹೂದ್ಯ ಹಾಗೂ ಇಟಾಲಿಯನ್ ತರುಣಿಯರು.

ಈ ಜನರಿಗಾಗಿ 1897ರಲ್ಲಿ 'ಫೊರ್ವರ್ಟ್ಸ್' ಎಂಬ ಯಿಡ್ಡಿಷ್ ದಿನಪತ್ರಿಕೆ ಹುಟ್ಟಿತು. ಸಂಪಾದಕ ಅಬ್ರಹಾಂ ಕಹಾನ್ 1906ರಲ್ಲಿ ಓದುಗರ ಪತ್ರಗಳಿಗೆಂದೇ ಒಂದು ಅಂಕಣ ತೆರೆದರು. ದುಡಿಮೆಯ ಕಷ್ಟ, ಮನೆ ತೊರೆದುಹೋದ ಗಂಡ, ಮಕ್ಕಳ ಹೊಸ ನಡೆ ಎಲ್ಲವೂ ಅಲ್ಲಿ ಅಕ್ಷರವಾದವು. ಪತ್ರಿಕೆ ವಲಸಿಗರಿಗೆ ಹೊಸ ನಾಡನ್ನು ಅವರದೇ ನುಡಿಯಲ್ಲಿ ಕಲಿಸಿತು. ವಿಪರ್ಯಾಸವೆಂದರೆ, ಹೊಸ ನಾಡಿಗೆ ಒಗ್ಗಿದ ಮಕ್ಕಳು ಇಂಗ್ಲಿಷಿಗೆ ಸರಿದರು. ಅದೇ ಪತ್ರಿಕೆಯಲ್ಲಿ ದಶಕಗಳ ಕಾಲ ಬರೆದ ಐಸಾಕ್ ಬಾಶೆವಿಸ್ ಸಿಂಗರರಿಗೆ 1978ರಲ್ಲಿ ನೊಬೆಲ್ ಬಂದಾಗ, ಮೂಲದಲ್ಲಿ ಅವರನ್ನು ಓದಬಲ್ಲವರು ವಿರಳರಾಗಿದ್ದರು. ಅಚ್ಚಿನ ಸಂಚಿಕೆ 2019ರಲ್ಲಿ ನಿಂತಿತು.

ಆದರೂ ಬ್ರೂಕ್ಲಿನ್ನಿನ ಹಸಿದಿ ಮನೆಗಳಲ್ಲಿ ಮಕ್ಕಳು ಇಂದಿಗೂ ಯಿಡ್ಡಿಷ್ ಆಡುತ್ತಾರೆ. ಭಾಷೆಯ ಬಾಳುವೆ ಮನೆಯ ಮಕ್ಕಳನ್ನು ನೆಚ್ಚಿದೆ ಎಂಬುದನ್ನು, ಪತ್ರಿಕೆಗಳನ್ನೂ ಪ್ರಶಸ್ತಿಗಳನ್ನೂ ಪ್ರೀತಿಸುವ ನಾವು ಮರೆಯಬಾರದು.